ಮಗಳು ಕಣ ಒಡೆಯೋ ಓದು ಓದ್ತಾಳಂತೆ!



ಈ ಹದಿನೈದು ದಿನದಲ್ಲಿ ಬಂದ ಪತ್ರಗಳಲ್ಲಿ ಅತ್ತೆ-ಸೊಸೆಯರ ಮುನಿಸು, ಉದುರುವ ಕೂದಲು, ಹುಳಿ ಹೆಚ್ಚಾದ ದೋಸೆ ಹಿಟ್ಟು, ಎಲ್ಲವೂ ಇದ್ದವು. ಅವುಗಳ ನಡುವೆ ತಿಪಟೂರು ಕಡೆಯ ಓದುಗರೊಬ್ಬರ ಪತ್ರವೂ ಇತ್ತು. ಅವರ ಮಾತಲ್ಲೇ ಕೇಳಿ:

“ಅಕ್ಕಾ, ನನ್ನ ಮಗಳು ಬಿ.ಎಸ್ಸಿ. ಕೊನೇ ವರ್ಷ. ಎಂ.ಎಸ್ಸಿ. ಮಾಡಿ, ಆಮೇಲೆ ಕಣಗಳನ್ನ ಡಿಕ್ಕಿ ಹೊಡೆಸೋ ಸಂಶೋಧನೆಗೆ ಸೇರ್ತೀನಿ ಅಂತ ಹಟ ಹಿಡಿದಿದ್ದಾಳೆ. ಇವರು ಬಿ.ಎಡ್. ಮಾಡಿಸೋಣ ಅಂತಾರೆ. ನಮ್ಮತ್ತೆ, ‘ಕಲ್ಲು ಒಡೆಯೋದು ಕೇಳಿದೀನಿ, ಇದೇನೇ ಕಣ ಒಡೆಯೋದು?’ ಅಂತ ನಗ್ತಾರೆ. ಅರಸೀಕೆರೆಯಿಂದ ಒಂದು ಒಳ್ಳೇ ಸಂಬಂಧವೂ ಬಂದಿದೆ. ಮಗಳ ಪರವಾಗಿ ಮಾತಾಡೋಣ ಅಂದ್ರೆ ಅವಳು ಏನು ಮಾಡೋಕೆ ಹೊರಟಿದ್ದಾಳೆ ಅನ್ನೋದೇ ನಂಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಹಿಡಕೊಂಡು ಹೇಗೆ ವಾದ ಮಾಡ್ಲಿ?”

ಆ ಕೊನೆಯ ಮಾತು ನನ್ನನ್ನು ಬಿಡಲಿಲ್ಲ. ಎಷ್ಟು ಮನೆಗಳಲ್ಲಿ ಹೆಣ್ಣುಮಕ್ಕಳ ಓದು ನಿಲ್ಲುವುದು ಇಲ್ಲೇ. ಅಮ್ಮನಿಗೆ ಮನಸ್ಸಿರುತ್ತದೆ, ಹೇಳಲು ಮಾತಿರುವುದಿಲ್ಲ. ನಾನೂ ಎಸ್ಸೆಸ್ಸೆಲ್ಸಿಗೆ ಓದು ಮುಗಿಸಿದವಳೇ. ಆದ್ದರಿಂದ ನಮ್ಮ ಮಾರೇನಹಳ್ಳಿಯ ಎದುರು ಮನೆಯಲ್ಲಿರುವ ಫಿಸಿಕ್ಸ್ ಲೆಕ್ಚರರ್ ಹುಡುಗನನ್ನು ಎರಡು ಸಂಜೆ ಜಗಲಿಯಲ್ಲಿ ಕೂರಿಸಿಕೊಂಡು, ಕಾಫಿ, ಕೋಡುಬಳೆ ಕೊಟ್ಟು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿ ತಿಳಿದುಕೊಂಡೆ. ಪುಸ್ತಕ ಪತ್ರಿಕೆಗಳನ್ನೂ ತಿರುವಿ ಹಾಕಿದೆ. ತಿಳಿದದ್ದನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ಇದು ತಿಪಟೂರಿನ ಆ ತಾಯಿಗೆ ಮಾತ್ರವಲ್ಲ, ಓದುವ ಹುಡುಗಿ ಮನೆಯಲ್ಲಿರುವ ಎಲ್ಲರಿಗೂ.

ಡಿಕ್ಕಿ ಹೊಡೆಸುವುದು ಏನನ್ನು?

ನಾವು ತೊಳೆಯುವ ಅಕ್ಕಿ, ಹಾಕುವ ಉಪ್ಪು, ಬಳಸುವ ನೀರು, ನಮ್ಮ ಮೈ, ಎಲ್ಲವೂ ಪರಮಾಣುಗಳಿಂದ ಆದದ್ದು ಎಂದು ಹೈಸ್ಕೂಲಿನಲ್ಲಿ ಓದಿದ್ದೇವಲ್ಲ? ಪರಮಾಣುವಿನ ನಡುವೆ ಪ್ರೋಟಾನ್ ಎಂಬ ಕಣ ಇರುತ್ತದೆ. ಜಿನೀವಾ ಊರಿನ ಹತ್ತಿರ, ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ದೇಶಗಳ ಗಡಿಯಲ್ಲಿ, ಸರ್ನ್ ಎಂಬ ಸಂಶೋಧನಾ ಸಂಸ್ಥೆ ಇದೆ. ಅಲ್ಲಿ ಸುಮಾರು 100 ಮೀಟರ್ ಆಳದಲ್ಲಿ ಬಳೆಯ ಹಾಗೆ ದುಂಡಗಿನ ಸುರಂಗ ಕೊರೆದಿದ್ದಾರೆ. ಅದರ ಸುತ್ತಳತೆ 27 ಕಿಲೋಮೀಟರ್. ನಮ್ಮ ಮನೆಯಿಂದ ಹೆಚ್ಚೂ ಕಡಿಮೆ ನೆಲಮಂಗಲಕ್ಕೆ ಹೋಗುವಷ್ಟು ದೂರ ಅಂದುಕೊಳ್ಳಿ.

ಪ್ರೋಟಾನುಗಳನ್ನು ತೆಗೆಯುವುದು ಒಂದು ಸಣ್ಣ ಜಲಜನಕದ ಸಿಲಿಂಡರಿನಿಂದ. ಅವುಗಳನ್ನು ಹಂತ ಹಂತವಾಗಿ ಓಡಿಸಿ, ಬೆಳಕಿನ ವೇಗಕ್ಕೆ ಕೂದಲೆಳೆಯಷ್ಟೇ ಕಡಿಮೆಯಾಗುವವರೆಗೆ ವೇಗ ಹೆಚ್ಚಿಸುತ್ತಾರೆ. ಆಗ ಒಂದೊಂದು ಪ್ರೋಟಾನೂ ಆ 27 ಕಿಲೋಮೀಟರ್ ಸುರಂಗವನ್ನು ಒಂದು ಸೆಕೆಂಡಿನಲ್ಲಿ ಹನ್ನೊಂದು ಸಾವಿರ ಸಲಕ್ಕೂ ಹೆಚ್ಚು ಸುತ್ತಿ ಬರುತ್ತದೆ. ಒಂದು ಗುಂಪು ಹೀಗೆ ಸುತ್ತಿದರೆ ಇನ್ನೊಂದು ಗುಂಪು ಎದುರು ದಿಕ್ಕಿನಿಂದ. ನಾಲ್ಕು ಕಡೆ ಇಬ್ಬರನ್ನೂ ಎದುರುಬದುರು ತಂದು ಡಿಕ್ಕಿ ಹೊಡೆಸುತ್ತಾರೆ. ಈ ಯಂತ್ರವೇ ಕೊಲೈಡರ್. 2008ರ ಸೆಪ್ಟೆಂಬರ್ 10ರಂದು ಇದರಲ್ಲಿ ಮೊದಲ ಸಲ ಪ್ರೋಟಾನುಗಳು ಪೂರ್ತಿ ಸುತ್ತು ಹಾಕಿದವು.

“ಡಿಕ್ಕಿ ಹೊಡೆದರೆ ಪುಡಿಯಾಗುತ್ತೆ, ಅಷ್ಟೇ ತಾನೇ?” ಎಂದು ನಾನೂ ಕೇಳಿದೆ. ಅಷ್ಟೇ ಅಲ್ಲವಂತೆ. ಎರಡು ನಿಂಬೆಹಣ್ಣು ಡಿಕ್ಕಿ ಹೊಡೆಸಿದಾಗ ನಡುವೆ ಒಂದು ಹಲಸಿನಹಣ್ಣು ಉದುರಿದರೆ ಹೇಗಿರುತ್ತದೆ? ಇಲ್ಲಿ ಆಗುವುದು ಅಂಥದ್ದೇ. ಡಿಕ್ಕಿಯ ರಭಸದಲ್ಲಿರುವ ಶಕ್ತಿಯೇ ಹೊಸ ಕಣವಾಗಿ ಹುಟ್ಟುತ್ತದೆ. 2012ರಲ್ಲಿ ಸಿಕ್ಕ ಹಿಗ್ಸ್ ಬೋಸಾನ್ ಎಂಬ ಕಣ ಪ್ರೋಟಾನಿಗಿಂತ ಸುಮಾರು 133 ಪಟ್ಟು ಭಾರ. ನಿಂಬೆಹಣ್ಣು, ಹಲಸಿನಹಣ್ಣಿನ ತೂಕ ಹೋಲಿಸಿ ನೋಡಿ, ಲೆಕ್ಕ ಸರಿಹೋಗುತ್ತದೆ. ಶಕ್ತಿ ತೂಕವಾಗಬಲ್ಲದು ಎಂದು ಐನ್‌ಸ್ಟೈನ್ ಹೇಳಿದ್ದು 1905ರಲ್ಲೇ.

ಆದರೆ ಆ ಹಲಸಿನಹಣ್ಣನ್ನು ಕಣ್ಣಿಂದ ನೋಡೋಣ ಎಂದರೆ ಆಗದು. ಹುಟ್ಟಿದ ಕ್ಷಣವೇ ಸಿಡಿದು ಬೇರೆ ಕಣಗಳಾಗಿ ಹೋಗುತ್ತದೆ. ಮದುವೆ ಮನೆಯ ಮಾರನೆಯ ದಿನ ಎಂಜಲೆಲೆ ನೋಡಿ, “ನಿನ್ನೆ ಹೋಳಿಗೆ ಇತ್ತು, ಆಂಬೊಡೆ ಇತ್ತು, ಮಜ್ಜಿಗೆಹುಳಿ ಯಾರೂ ಮುಟ್ಟಿಲ್ಲ” ಎಂದು ಹೇಳುವ ಅಜ್ಜಿಯರು ಇರುತ್ತಾರಲ್ಲ, ಈ ವಿಜ್ಞಾನಿಗಳ ಕೆಲಸವೂ ಹಾಗೇ. ಉಳಿದ ಗುರುತುಗಳನ್ನು ಅಳೆದು ಏನಿತ್ತು ಎಂದು ಹೇಳುವುದು.

ಕೇರುವುದೇ ದೊಡ್ಡ ಕೆಲಸ

ಗುರುತುಗಳನ್ನು ಹಿಡಿಯಲು ಡಿಕ್ಕಿಯ ಜಾಗದ ಸುತ್ತ ದೊಡ್ಡ ಯಂತ್ರಗಳನ್ನು ಕಟ್ಟಿದ್ದಾರೆ. ಅಂಥದ್ದೊಂದರ ಹೆಸರು ಸಿಎಂಎಸ್. 21 ಮೀಟರ್ ಉದ್ದ, 15 ಮೀಟರ್ ಎತ್ತರ, 14,000 ಟನ್ ತೂಕ. ಪದರ ಪದರವಾಗಿ ಈರುಳ್ಳಿಯ ಹಾಗೆ ಇದೆ. ಒಂದೊಂದು ಪದರಕ್ಕೆ ಒಂದೊಂದು ಬಗೆಯ ಕಣ ಸಿಕ್ಕಿಬೀಳುತ್ತದೆ.

ಕಣಗಳ ಗುಂಪುಗಳು ಅದರೊಳಗೆ ಸೆಕೆಂಡಿಗೆ ಸುಮಾರು 4 ಕೋಟಿ ಸಲ ಎದುರಾಗುತ್ತವೆ. ಎಲ್ಲವನ್ನೂ ಬರೆದಿಡಲು ಯಾವ ಕಂಪ್ಯೂಟರಿಗೂ ಸಾಧ್ಯವಿಲ್ಲ. ಆದ್ದರಿಂದ ಕಣ್ಣು ಮುಚ್ಚಿ ತೆರೆಯುವುದರೊಳಗೆ ಯಂತ್ರವೇ ಕೇರಿಬಿಡುತ್ತದೆ. ಹೊಟ್ಟು ಹಾರಿಸಿ ಕಾಳು ಉಳಿಸಿಕೊಂಡ ಹಾಗೆ, ಸೆಕೆಂಡಿಗೆ ಸಾವಿರದ ಆಸುಪಾಸು ಮಾತ್ರ ಉಳಿಸಿಕೊಳ್ಳುತ್ತದೆ. ಹಿಗ್ಸ್ ಕಣ ಹುಟ್ಟುವುದು ಸುಮಾರು ನೂರು ಕೋಟಿ ಡಿಕ್ಕಿಗಳಲ್ಲಿ ಒಂದು ಸಲ. ಮೊರ ಹಿಡಿಯುವ ಕೈ ಸ್ವಲ್ಪ ವಾಲಿದರೂ ಹೊಟ್ಟಿನ ಜೊತೆ ಕಾಳೂ ಹೋಯಿತು! ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ನಿಯಮ ಬರೆಯುವುದು, ಉಳಿದದ್ದನ್ನು ಜರಡಿ ಹಿಡಿಯುವುದು, ಲೆಕ್ಕ ತಪ್ಪಿಲ್ಲ ಎಂದು ಹತ್ತು ಸಲ ಪರೀಕ್ಷಿಸುವುದು, ವಿಶ್ವವಿದ್ಯಾಲಯದ ತಂಡಗಳಲ್ಲಿ ಇರುವ ಹುಡುಗ ಹುಡುಗಿಯರು ಮಾಡುವ ಕೆಲಸ ಮುಖ್ಯವಾಗಿ ಇದು. ಜೊತೆಗೆ ಪಾಳಿಯ ಪ್ರಕಾರ ಯಂತ್ರ ಕಾಯುವುದು, ಅದರ ಭಾಗಗಳನ್ನು ಪರೀಕ್ಷೆ ಮಾಡುವುದು. ಸುತ್ತಿಗೆ ಹಿಡಿದು ಒಡೆಯುವ ಕೆಲಸವಲ್ಲ ಎಂದು ಅತ್ತೆಯವರಿಗೆ ಧೈರ್ಯವಾಗಿ ಹೇಳಿ!

ಹಿಗ್ಸ್ ಕಣವನ್ನು ಯಾಕೆ ಅಷ್ಟು ಹುಡುಕಿದರು? ವಸ್ತುಗಳ ಮೂಲ ಕಣಗಳಿಗೆ ತೂಕ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ 1964ರಲ್ಲಿ ಪೀಟರ್ ಹಿಗ್ಸ್, ಫ್ರಾಂಸ್ವಾ ಆಂಗ್ಲೇರ್, ರಾಬರ್ಟ್ ಬ್ರೌಟ್ ಮುಂತಾದವರು ಕಾಗದದ ಮೇಲೆ ಉತ್ತರ ಬರೆದಿದ್ದರು. ಎಲ್ಲೆಲ್ಲೂ ಕಾಣದ ಒಂದು ಹರವು ತುಂಬಿದೆ, ಅದು ಹಿಡಿದೆಳೆದಷ್ಟು ಕಣಕ್ಕೆ ತೂಕ ಎಂದು ಸ್ಥೂಲವಾಗಿ ಹೇಳಬಹುದು. ನಾಟಿ ಗದ್ದೆಯ ಕೆಸರಿನಲ್ಲಿ ಕೊಕ್ಕರೆ ಸಲೀಸಾಗಿ ನಡೆಯುತ್ತದೆ, ಎಮ್ಮೆ ಹೂತುಕೊಳ್ಳುತ್ತದೆ, ಹಾಗೆ. ಎಲೆಕ್ಟ್ರಾನಿಗೆ ತೂಕವೇ ಇಲ್ಲದಿದ್ದರೆ ಪರಮಾಣು ಕಟ್ಟಿಕೊಳ್ಳುತ್ತಿರಲಿಲ್ಲ, ಅಕ್ಕಿಯೂ ಇಲ್ಲ, ಅನ್ನ ಮಾಡುವ ನಾವೂ ಇಲ್ಲ. ಆ ಉತ್ತರ ನಿಜವೇ ಎಂದು ತಿಳಿಯಲು 48 ವರ್ಷ ಬೇಕಾಯಿತು. 2012ರ ಜುಲೈ 4ರಂದು ಸರ್ನ್‌ನಲ್ಲಿ ಕಣ ಸಿಕ್ಕಿದೆ ಎಂದು ಪ್ರಕಟಿಸಿದರು. 2013ರಲ್ಲಿ ಹಿಗ್ಸ್ ಮತ್ತು ಆಂಗ್ಲೇರ್ ಇಬ್ಬರಿಗೂ ನೊಬೆಲ್ ಬಹುಮಾನ ಬಂತು. ಬ್ರೌಟ್ ಅಷ್ಟರಲ್ಲಿ ತೀರಿಕೊಂಡಿದ್ದರು. ಇನ್ನು ಬೋಸಾನ್ ಎಂಬ ಹೆಸರಿನಲ್ಲಿರುವುದು ನಮ್ಮ ದೇಶದವರೇ ಆದ ಸತ್ಯೇಂದ್ರನಾಥ ಬೋಸರ ಹೆಸರು.

ಬೆಂಗಳೂರಿನ ಕೈಗಳು

“ಅದೆಲ್ಲ ಫಾರಿನ್ನಿನ ಮಾತು, ನಮಗೂ ಅದಕ್ಕೂ ಏನು?” ಎನ್ನುವವರಿಗೆ ಈ ಭಾಗವನ್ನು ಓದಿ ಹೇಳಿ.

ಸುರಂಗದ ಉದ್ದಕ್ಕೂ ಅಯಸ್ಕಾಂತಗಳಿವೆ. ಕಣಗಳನ್ನು ಬಳೆಯಾಕಾರದಲ್ಲಿ ಬಗ್ಗಿಸಲಿಕ್ಕೇ 1,232 ಇವೆ. ಒಂದೊಂದೂ 15 ಮೀಟರ್ ಉದ್ದ, ಮೂವತ್ತು ಟನ್ನಿಗೂ ಹೆಚ್ಚು ಭಾರ. ಅವನ್ನು ಸೊನ್ನೆಗಿಂತ 271 ಡಿಗ್ರಿ ಕೆಳಗೆ ತಣ್ಣಗಿಟ್ಟಿರುತ್ತಾರೆ. ಇಷ್ಟು ಭಾರದ್ದನ್ನು ತಲೆಗೂದಲಿನ ದಪ್ಪದಷ್ಟೂ ಆಚೀಚೆ ಆಗದಂತೆ ನಿಲ್ಲಿಸಬೇಕು. ಅದಕ್ಕಾಗಿ ಪ್ರತಿಯೊಂದರ ಕೆಳಗೂ ಮೂರು ಜಾಕ್. ಲಾರಿ ಎತ್ತುವ ಜಾಕ್ ನೋಡಿದ್ದೀರಲ್ಲ, ಅದರ ಬಹಳ ನಾಜೂಕಿನ ಅಕ್ಕ ಇದು. ಅಂಥ ಆರು ಸಾವಿರಕ್ಕೂ ಹೆಚ್ಚು ಜಾಕುಗಳನ್ನು ಒದಗಿಸಿದ್ದು ಭಾರತ. ಇಂದೋರಿನ ಅಣುಶಕ್ತಿ ಇಲಾಖೆಯ ಕೇಂದ್ರ ಅದರ ಉಸ್ತುವಾರಿ ನೋಡಿತು. ತಯಾರಾದದ್ದು ನಮ್ಮ ಬೆಂಗಳೂರಿನ ಅವಸರಾಲ ಕಂಪನಿಯಲ್ಲಿ ಮತ್ತು ಇಂದೋರಿನ ಟೂಲ್ ರೂಮಿನಲ್ಲಿ. ನಮ್ಮ ಮಾರೇನಹಳ್ಳಿಗೆ ಹತ್ತಿರದ ಕಾಮಾಕ್ಷಿಪಾಳ್ಯದಲ್ಲಿ ಹಗಲೆಲ್ಲ ಲೇತ್ ಮಷೀನಿನ ಸದ್ದು. ಕಬ್ಬಿಣವನ್ನು ಅಳತೆಗೆ ತಕ್ಕ ಹಾಗೆ ತಿರುಗಿಸಿ ಕೆತ್ತುವುದು ಎಂಥ ತಾಳ್ಮೆಯ ಕೆಲಸ ಎಂದು ಈ ಕಡೆಯ ಮನೆಗಳವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

ಇನ್ನೊಂದು ವಿಷಯ ಜಾಲಹಳ್ಳಿಯ ಬಿ.ಇ.ಎಲ್. ಕಾರ್ಖಾನೆಯದು. ಹಿಗ್ಸ್ ಕಣ ಕೆಲವೊಮ್ಮೆ ಎರಡು ಬೆಳಕಿನ ಕಣಗಳಾಗಿ ಸಿಡಿಯುತ್ತದೆ. ಅದನ್ನು ಗುರುತು ಹಿಡಿಯುವುದು ಸುಲಭವಾಗಬೇಕಿತ್ತು. ಆದರೆ ಪಯಾನ್ ಎಂಬ ಸಾಮಾನ್ಯ ಕಣವೊಂದು ಮೋಸ ಮಾಡುತ್ತದೆ. ಅದೂ ಎರಡು ಬೆಳಕಿನ ಕಣವಾಗಿ ಒಡೆಯುತ್ತದೆ. ಅವೆರಡೂ ಒಂದಕ್ಕೊಂದು ಅಂಟಿಕೊಂಡಂತೆ ಬರುವುದರಿಂದ ದೂರಕ್ಕೆ ಒಂದೇ ಎಂದು ಕಾಣುತ್ತದೆ. ಎರಡು ಸಾಸಿವೆ ಕಾಳು ಅಂಟಿಕೊಂಡು ಒಂದು ಮೆಂತ್ಯದ ಕಾಳಿನ ಹಾಗೆ ಕಂಡರೆ ಹೇಗೆ, ಹಾಗೆ. ಬೇರ್ಪಡಿಸಲು ಸಿಎಂಎಸ್ ಯಂತ್ರದ ಎರಡು ತುದಿಗಳಲ್ಲಿ ತೆಳುವಾದ ಸಿಲಿಕಾನ್ ಬಿಲ್ಲೆಗಳನ್ನು ಜೋಡಿಸಿದರು. ಒಂದೊಂದೂ 63 ಮಿಲಿಮೀಟರಿನ ಚೌಕ. ಅದರ ಮೇಲೆ 32 ಪಟ್ಟಿಗಳು. ಪಟ್ಟಿ ಸಣ್ಣದಾದಷ್ಟೂ ಒಂದೋ ಎರಡೋ ಎನ್ನುವುದು ಸ್ಪಷ್ಟ. ಇಂಥ ನಾಲ್ಕು ಸಾವಿರಕ್ಕೂ ಮಿಕ್ಕಿದ ಬಿಲ್ಲೆಗಳಲ್ಲಿ ಸುಮಾರು ಒಂದು ಸಾವಿರ ಭಾರತದಿಂದ ಹೋದವು. ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರ ಮತ್ತು ದಿಲ್ಲಿ ವಿಶ್ವವಿದ್ಯಾಲಯದ ತಂಡ ಅದರ ಹಿಂದೆ ದುಡಿದವು, ತಯಾರಿಸಿದ್ದು ಬೆಂಗಳೂರಿನ ಬಿ.ಇ.ಎಲ್.

ನಮ್ಮ ರಾಜ್ಯಕ್ಕೆ ಈ ವಿದ್ಯೆ ಹೊಸದೂ ಅಲ್ಲ. 1965ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣದ ಗುರುತು ಹಿಡಿದರು. ಆ ತಂಡದಲ್ಲಿದ್ದ ಬಿ. ವಿ. ಶ್ರೀಕಂಠನ್ ಅವರು ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. 2001ರಲ್ಲಿ ಗಣಿ ಮುಚ್ಚಿತು, ಆದರೆ ಆ ಪ್ರಯೋಗದ ಹೆಸರು ಜಗತ್ತಿನ ವಿಜ್ಞಾನದ ಪುಸ್ತಕಗಳಲ್ಲಿ ಉಳಿದಿದೆ.

ಇನ್ನು ಆ ಹುಡುಗಿ ಸೇರಬೇಕೆಂದಿರುವ ಬಗೆಯ ತಂಡಕ್ಕೆ ಬರೋಣ. ಯಶವಂತಪುರದ ಹತ್ತಿರ ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ಇದೆಯಲ್ಲ, ಅಲ್ಲಿ ಉನ್ನತ ಶಕ್ತಿ ಭೌತವಿಜ್ಞಾನಕ್ಕೇ ಒಂದು ಕೇಂದ್ರವಿದೆ. ಅಲ್ಲಿನ ತಂಡವೊಂದು ಸಿಎಂಎಸ್ ಪ್ರಯೋಗದಲ್ಲಿ ಪಾಲುದಾರ. ಅದರಲ್ಲಿ ಪ್ರೊಫೆಸರ್ ಜ್ಯೋತ್ಸ್ನಾ ಕೋಮರಗಿರಿ ಎಂಬ ಮಹಿಳೆ ಇದ್ದಾರೆ. ಡಿಕ್ಕಿಯ ಲೆಕ್ಕವೆಲ್ಲ ಕಂಪ್ಯೂಟರ್ ಜಾಲದ ಮೂಲಕ ಇಲ್ಲಿಗೇ ಬರುವುದರಿಂದ, ಬಹಳಷ್ಟು ಕೆಲಸವನ್ನು ಬೆಂಗಳೂರಿನಲ್ಲೇ ಕುಳಿತು ಮಾಡಬಹುದು. ಜಿನೀವಾಕ್ಕೆ ಆಗಾಗ ಹೋಗಿ ಬರಬೇಕಾಗುತ್ತದೆ. ಭಾರತ 2017ರ ಜನವರಿಯಿಂದ ಸರ್ನ್‌ನ ಸಹಸದಸ್ಯ ದೇಶ. 2004ರಲ್ಲಿ ಭಾರತ ಕೊಟ್ಟ ಎರಡು ಮೀಟರ್ ಎತ್ತರದ ನಟರಾಜನ ವಿಗ್ರಹ ಅಲ್ಲಿನ ಅಂಗಳದಲ್ಲಿ ನಿಂತಿದೆ. ಮಗಳನ್ನು ಕಳಿಸಲು ಹೆದರುವ ಅಜ್ಜಿಗೆ ಇದನ್ನು ಹೇಳಿದರೆ ಅರ್ಧ ಭಯ ಹೋದೀತು!

ಹೆಣ್ಣುಮಕ್ಕಳಿಗೆ ಇದು ಒಗ್ಗುತ್ತದೆಯೇ?

ಈ ಪ್ರಶ್ನೆಗೆ ಉತ್ತರವಾಗಿ ರೋಹಿಣಿ ಗೋಡ್‌ಬೋಲೆಯವರ ವಿಷಯ ಹೇಳುತ್ತೇನೆ. 1952ರಲ್ಲಿ ಪುಣೆಯಲ್ಲಿ ಹುಟ್ಟಿದವರು. ಅವರು ಓದಿದ ಹುಡುಗಿಯರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಹೇಳಿಕೊಡುತ್ತಿದ್ದುದು ಗೃಹವಿಜ್ಞಾನ. ಸ್ಕಾಲರ್‌ಶಿಪ್ ಪರೀಕ್ಷೆಗೆ ಬೇಕಾದ ವಿಜ್ಞಾನವನ್ನು ಆ ಹುಡುಗಿ ಬೇರೆಯಾಗಿ ಕಲಿತು ಗೆದ್ದಳು. ಮುಂದೆ ಮುಂಬಯಿಯ ಐ.ಐ.ಟಿ., ಅಮೆರಿಕದಲ್ಲಿ 1979ರಲ್ಲಿ ಪಿಎಚ್.ಡಿ., ಮುಂಬಯಿ ವಿಶ್ವವಿದ್ಯಾಲಯದಲ್ಲಿ ಪಾಠ, 1995ರಿಂದ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್. ಅವರು ಯಂತ್ರ ಕಟ್ಟಿದವರಲ್ಲ, ಯಂತ್ರದಲ್ಲಿ ಏನು ಕಾಣಬೇಕು ಎಂದು ಲೆಕ್ಕ ಹಾಕಿದವರು. ಎಲೆಕ್ಟ್ರಾನುಗಳನ್ನು ಡಿಕ್ಕಿ ಹೊಡೆಸುವ ಮುಂದಿನ ಯಂತ್ರಗಳಲ್ಲಿ ಬೆಳಕಿನ ಕಣಗಳಿಂದಲೇ ಎಷ್ಟು ಬೇಡದ ಕಸ ಏಳಬಹುದು ಎಂದು ಮಾನ್ಯುಯೆಲ್ ಡ್ರೀಸ್ ಎಂಬುವರೊಡನೆ ಮೊದಲೇ ಲೆಕ್ಕ ಹಾಕಿ ಎಚ್ಚರಿಸಿದರು. ಒಲೆ ಹಾಕುವ ಮುಂಚೆ ಹೊಗೆ ಎಲ್ಲಿ ಹೋಗುತ್ತದೆ ಎಂದು ಕೇಳುವ ಜಾಣೆಯ ಹಾಗೆ!

2008ರಲ್ಲಿ ಅವರು ರಾಮಕೃಷ್ಣ ರಾಮಸ್ವಾಮಿಯವರ ಜೊತೆ ಸೇರಿ ಭಾರತದ ಮಹಿಳಾ ವಿಜ್ಞಾನಿಗಳ ಬದುಕಿನ ಕಥೆಗಳನ್ನು ‘ಲೀಲಾವತೀಸ್ ಡಾಟರ್ಸ್’ ಎಂಬ ಇಂಗ್ಲಿಷ್ ಪುಸ್ತಕದಲ್ಲಿ ಒಟ್ಟುಮಾಡಿ ಕೊಟ್ಟರು. 2019ರಲ್ಲಿ ಪದ್ಮಶ್ರೀ ಬಂತು. 2024ರ ಅಕ್ಟೋಬರ್ 25ರಂದು ತೀರಿಕೊಂಡರು. ಇನ್ನು ಸರ್ನ್ ಸಂಸ್ಥೆಯನ್ನೇ 2016ರಿಂದ 2025ರ ಕೊನೆಯವರೆಗೆ ನಡೆಸಿದವರು ಇಟಲಿಯ ಫಾಬಿಯೋಲಾ ಜನೋಟಿ ಎಂಬ ಮಹಿಳೆ. ಹೆಣ್ಣಿಗೆ ಇದು ಒಗ್ಗುವುದಿಲ್ಲ ಎಂದು ಯಾರಾದರೂ ಅಂದರೆ ಈ ಎರಡು ಹೆಸರು ಸಾಕು.

ಉಪಯೋಗ ಏನು, ಸಂಪಾದನೆ ಏನು?

ನೇರವಾಗಿ ಹೇಳಿಬಿಡುತ್ತೇನೆ. ಹಿಗ್ಸ್ ಕಣದಿಂದ ನಮ್ಮ ಒಲೆ ಉರಿಯುವುದಿಲ್ಲ, ಬೆಲೆ ಇಳಿಯುವುದಿಲ್ಲ. ಆದರೆ ಅದನ್ನು ಹುಡುಕಲು ಕಟ್ಟಿದ ಸಲಕರಣೆಗಳು ಮನೆ ಬಾಗಿಲಿಗೇ ಬಂದಿವೆ. ನಿಮ್ಮ ಮೊಬೈಲಿನಲ್ಲಿ ರೈಲು ಟಿಕೆಟ್ಟು, ಮಗಳ ಫಲಿತಾಂಶ ನೋಡುತ್ತೀರಲ್ಲ, ಆ ವರ್ಲ್ಡ್ ವೈಡ್ ವೆಬ್ ಹುಟ್ಟಿದ್ದು 1989ರಲ್ಲಿ ಸರ್ನ್‌ನಲ್ಲೇ, ವಿಜ್ಞಾನಿಗಳು ತಮ್ಮ ತಮ್ಮ ಲೆಕ್ಕ ಹಂಚಿಕೊಳ್ಳಲೆಂದು. 1993ರಲ್ಲಿ ಅದನ್ನು ಕಾಸು ಕೇಳದೆ ಜಗತ್ತಿಗೆಲ್ಲ ಬಿಟ್ಟುಕೊಟ್ಟರು. ಕ್ಯಾನ್ಸರ್ ರೋಗಿಗಳಿಗೆ ಆಸ್ಪತ್ರೆಯಲ್ಲಿ “ಕರೆಂಟು ಕೊಡುವುದು” ಎನ್ನುತ್ತೇವಲ್ಲ, ಅದಕ್ಕೆ ಬಳಸುವ ಯಂತ್ರವೂ ಕಣಗಳನ್ನು ವೇಗವಾಗಿ ಓಡಿಸುವ ಯಂತ್ರವೇ, ಸಣ್ಣದು ಅಷ್ಟೇ.

ಇನ್ನು ಸಂಪಾದನೆ. ಇದು ಕೈಯಿಂದ ಲಕ್ಷಗಟ್ಟಲೆ ಸುರಿದು ಓದುವ ಓದಲ್ಲ. ಬಿ.ಎಸ್ಸಿ. ಆದವರು ಜಾಮ್ ಎಂಬ ಪರೀಕ್ಷೆ ಬರೆದು ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಎಂ.ಎಸ್ಸಿ., ಪಿಎಚ್.ಡಿ. ಎರಡನ್ನೂ ಕೂಡಿಸಿದ ಓದಿಗೆ ಸೇರುವ ಅವಕಾಶ ಇದೆ. ಎಂ.ಎಸ್ಸಿ. ಆದ ಮೇಲೆ ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಸಿಕ್ಕಿದರೆ ತಿಂಗಳಿಗೆ ಹಣ ಬರುತ್ತದೆ. 2023ರ ಜನವರಿಯಿಂದ ಅದನ್ನು 37,000 ರೂಪಾಯಿಗೆ ಏರಿಸಿದರು.

ಕಷ್ಟವನ್ನೂ ಹೇಳಬೇಕು. ಪಿಎಚ್.ಡಿ. ಮುಗಿಯಲು ಐದಾರು ವರ್ಷ. ಆಮೇಲೂ ಕೆಲವು ವರ್ಷ ಊರೂರು, ದೇಶ ದೇಶ ಅಲೆಯಬೇಕು. ಕಾಯಂ ಕೆಲಸ ಮೂವತ್ತು ದಾಟಿದ ಮೇಲೆ ಸಿಕ್ಕರೆ ಆಶ್ಚರ್ಯವಿಲ್ಲ, ಹುದ್ದೆಗಳೂ ಬಹಳ ಇಲ್ಲ. ಆದರೆ ಕಂಪ್ಯೂಟರಿನಲ್ಲಿ ರಾಶಿ ಲೆಕ್ಕ ಜರಡಿ ಹಿಡಿಯುವ ವಿದ್ಯೆ ಕೈಗೆ ಬಂದಿರುವುದರಿಂದ, ಪ್ರೊಫೆಸರ್ ಆಗದವರೂ ಬೇರೆ ಕಡೆ ಕೆಲಸ ಹಿಡಿಯುತ್ತಾರೆ. ಬಿ.ಎಡ್. ಕೂಡ ಒಳ್ಳೆಯ ದಾರಿಯೇ. ಅದನ್ನು ಎರಡು ವರ್ಷ ಬಿಟ್ಟು ಮಾಡಿದರೂ ನಡೆಯುತ್ತದೆ. ಓದುವ ಹಸಿವು ಮಾತ್ರ ಹಾಗೆ ಕಾದು ಕೂರುವುದಿಲ್ಲ.

ತಿಪಟೂರಿನ ತಂಗೀ, ಈಗ ನಿಮಗೆ ನಾಲ್ಕು ಮಾತು. ಮೊದಲು ಮಗಳನ್ನು ಹತ್ತಿರ ಕೂರಿಸಿಕೊಂಡು, “ಪಯಾನ್ ಹೇಗೆ ಮೋಸ ಮಾಡುತ್ತೆ, ನೀನು ಹೇಗೆ ಹಿಡೀತೀಯಾ ಹೇಳು” ಅಂತ ಕೇಳಿ. ಅವಳ ಮುಖ ಅರಳಿದರೆ, ಮಾತು ನಿಲ್ಲದಿದ್ದರೆ, ಅದು ಬರೀ ಹಟವಲ್ಲ ಎಂದು ತಿಳಿಯಿರಿ. ಎರಡನೆಯದಾಗಿ, ಜಾಮ್ ಪರೀಕ್ಷೆ ಬರೆಯಲು ಒಂದು ವರ್ಷದ ಅವಕಾಶವನ್ನು ಯಜಮಾನರಿಂದ ಕೇಳಿ ಪಡೆಯಿರಿ. ಇಡೀ ಜೀವನಕ್ಕೆ ಒಪ್ಪಿಗೆ ಕೊಡಿ ಎಂದರೆ ಗಂಡಸರು ಹೆದರುತ್ತಾರೆ, ಒಂದು ವರ್ಷ ಎಂದರೆ ಯೋಚಿಸುತ್ತಾರೆ. ಮೂರನೆಯದಾಗಿ, ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ವರ್ಷಕ್ಕೊಮ್ಮೆ ಎಲ್ಲರಿಗೂ ಬಾಗಿಲು ತೆರೆದಿಡುವ ದಿನ ಇರುತ್ತದೆ. ಆ ದಿನ ಮಗಳ ಜೊತೆ ಅವಳಪ್ಪನನ್ನೂ ಕರೆದುಕೊಂಡು ಬನ್ನಿ. ಅಲ್ಲಿ ಸಂಶೋಧನೆ ಮಾಡುವ ಹೆಣ್ಣುಮಕ್ಕಳನ್ನು ಕಣ್ಣಾರೆ ನೋಡಲಿ, ಮಾತಾಡಿಸಲಿ. ತಿಪಟೂರಿನಿಂದ ಬೆಳಗಿನ ರೈಲು ಹತ್ತಿದರೆ ರಾತ್ರಿಗೆ ಮನೆ ಸೇರಬಹುದು.

ಕೊನೆಯದು ಅರಸೀಕೆರೆಯ ಸಂಬಂಧದ ವಿಷಯ. ಹುಡುಗನ ಮನೆಯವರಿಗೆ ಮುಚ್ಚಿಡದೆ ಹೇಳಿ: “ಹುಡುಗಿ ಇನ್ನೂ ಏಳೆಂಟು ವರ್ಷ ಓದ್ತಾಳೆ, ಕೆಲವು ತಿಂಗಳು ಹೊರದೇಶಕ್ಕೂ ಹೋಗಬೇಕಾಗುತ್ತೆ.” ಒಪ್ಪಿದರೆ ಒಳ್ಳೆಯ ಮನೆ. ಒಪ್ಪದಿದ್ದರೆ ಈಗಲೇ ತಿಳಿದದ್ದು ಒಳ್ಳೆಯದಾಯಿತು, ಮದುವೆಯಾದ ಮೇಲೆ ತಿಳಿಯುವುದಕ್ಕಿಂತ.

ಮಗಳು ಜಾಮ್ ಬರೆದಳೋ ಇಲ್ಲವೋ ನನಗೆ ಬರೆದು ತಿಳಿಸಲೇಬೇಕು. ಉಳಿದ ಸೋದರಿಯರೂ ಬರೆಯಿರಿ: ನಿಮ್ಮ ಮನೆಯ ಹುಡುಗಿಯರು ಏನು ಓದುತ್ತಿದ್ದಾರೆ, ಯಾವ ಪ್ರಶ್ನೆಗೆ ನಿಮಗೆ ಉತ್ತರ ಬೇಕು? ಮುಂದಿನ ಸಂಚಿಕೆಯಲ್ಲಿ, ಹಲವರು ಕೇಳಿದ ಹಾಗೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಉಪ್ಪಿನಕಾಯಿ ಜಾಡಿ ಕಾಪಾಡುವ ವಿಷಯ ಬರೆಯುತ್ತೇನೆ.